ಡೇಟಾ ತರಿಸಿಕೊಂಡವರು ದುಡ್ಡು ಕೊಟ್ಟಾಗಿದೆ: ಟ್ರಾಯ್ ಅಧ್ಯಕ್ಷರಿಗೆ ಮಂಗಳೂರಿನಿಂದ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನವದೆಹಲಿ

ವಿಷಯ: ಇಂಟರ್‌ನೆಟ್ ಜಾಲಗಳ ನಡುವಿನ ಟ್ರಾಫಿಕ್‌ಗೆ ಶುಲ್ಕ ಬೇಕೆಂಬ ಬೇಡಿಕೆ ಹಾಗೂ ಕರಾವಳಿಯಲ್ಲಿ ಟ್ರಾಫಿಕ್ ವಿನಿಮಯದ ವ್ಯವಸ್ಥೆ ಕುರಿತು

ಮಾನ್ಯರೇ,

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಮನೆಗಳಿಗೆ ಇಂಟರ್‌ನೆಟ್ ಕೊಡುವ ಸಣ್ಣ ಸೇವಾದಾರರ ರೂಟರ್‌ಗಳನ್ನು ನೋಡಿಕೊಳ್ಳುವವರು ನಾವು. ವಿಡಿಯೋ ಮತ್ತು ಸೋಶಿಯಲ್ ಮೀಡಿಯಾ ಕಂಪನಿಗಳು ನಮ್ಮ ಜಾಲದ ಮೇಲೆ ವಿಪರೀತ ಟ್ರಾಫಿಕ್ ಹೇರುತ್ತಿವೆ, ಅದರ ಖರ್ಚಿನಲ್ಲಿ ಅವರೂ ಪಾಲು ಕೊಡಬೇಕು ಎಂದು ಮೊಬೈಲ್ ಕಂಪನಿಗಳ ಒಕ್ಕೂಟವಾದ ಸಿಒಎಐ ಕೆಲವು ವರ್ಷಗಳಿಂದ ಪಟ್ಟು ಹಿಡಿದಿದೆ. 2023ರ ಜುಲೈಯಲ್ಲಿ ತಮ್ಮ ಪ್ರಾಧಿಕಾರ ಹೊರಡಿಸಿದ ಸಮಾಲೋಚನಾ ಪತ್ರದಲ್ಲೂ ಈ ಎರಡು ಕಡೆಯವರ ನಡುವೆ ಸಹಯೋಗದ ಚೌಕಟ್ಟು ಬೇಕೇ ಎಂಬ ಪ್ರಶ್ನೆ ಇತ್ತು. ಇಂಥ ಶುಲ್ಕ ಬೇಡ ಎನ್ನುವುದು ನಮ್ಮ ನಿಲುವು. ಶುಲ್ಕ ಬಂದರೆ ನಿಮ್ಮ ಕಿಸೆಗೂ ನಾಲ್ಕು ಕಾಸು ಬೀಳುತ್ತದಲ್ಲ ಎಂದು ಕೇಳುವವರಿದ್ದಾರೆ. ಬೀಳುವುದಿಲ್ಲ. ಬಿದ್ದರೂ ಅದಕ್ಕಿಂತ ಹೆಚ್ಚು ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತದೆ. ಅದು ಹೇಗೆಂದು ಲೆಕ್ಕ ಸಮೇತ ತಮ್ಮ ಮುಂದಿಡುತ್ತಿದ್ದೇವೆ.

ಮೊದಲು ದುಡ್ಡು ಈಗ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ನೋಡೋಣ. ಕುಂದಾಪುರದ ಒಂದು ಮನೆಯಲ್ಲಿ ಟಿವಿಗೆ ಎಚ್‌ಡಿ ಸಿನಿಮಾ ಹಾಕಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಬೇಕು. ಗಂಟೆಗೆ 2.25 ಜಿಬಿ. ಆ ಮನೆಯಿಂದ ಹೊರಗೆ ಹೋಗುವುದು ‘ಇದನ್ನು ಕಳಿಸಿ’ ಎಂಬ ಪುಟ್ಟ ಕೋರಿಕೆ, ಮತ್ತೆ ‘ತಲುಪಿತು’ ಎಂಬ ರಸೀದಿಗಳು, ಅಷ್ಟೇ. ಈ ಟ್ರಾಫಿಕ್ಕನ್ನು ಯಾರೂ ಯಾರ ಮೇಲೂ ಹೇರಿಲ್ಲ. ಮನೆಯವರು ರಿಮೋಟ್ ಒತ್ತಿ ತರಿಸಿಕೊಂಡಿದ್ದಾರೆ, ಅದಕ್ಕೆಂದೇ ತಿಂಗಳು ತಿಂಗಳು ದುಡ್ಡು ಕಟ್ಟಿದ್ದಾರೆ. ಆ ದುಡ್ಡಿನಲ್ಲಿ ನಾವು ಕುಂದಾಪುರದಿಂದ ಮಂಗಳೂರಿಗೆ, ಮಂಗಳೂರಿನಿಂದ ಬೆಂಗಳೂರಿಗೆ ಲೈನ್ ಬಾಡಿಗೆ ಕಟ್ಟುತ್ತೇವೆ. ನಮ್ಮನ್ನು ಉಳಿದ ಇಂಟರ್‌ನೆಟ್ಟಿಗೆ ಜೋಡಿಸುವ ಅಪ್‌ಸ್ಟ್ರೀಮ್ ಕಂಪನಿಗೆ ಕೊಡುವ ಟ್ರಾನ್ಸಿಟ್ ದುಡ್ಡು ಬೇರೆ. ಸರ್ಕಾರಕ್ಕೆ ಲೈಸೆನ್ಸ್ ಶುಲ್ಕ ಬೇರೆ. ಆಚೆ ಕಡೆ ಸಿನಿಮಾ ಕಂಪನಿಯೂ ತನ್ನ ಸರ್ವರ್, ತನ್ನ ಫೈಬರ್, ಸಮುದ್ರದಡಿಯ ಕೇಬಲಿನ ಪಾಲು ಎಲ್ಲಕ್ಕೂ ಸ್ವಂತ ಖರ್ಚು ಮಾಡಿಕೊಂಡು ಮುಂಬಯಿಗೋ ಚೆನ್ನೈಗೋ ಬಂದು ನಿಂತಿರುತ್ತದೆ. ಇಬ್ಬರೂ ತಂತಮ್ಮ ದುಡ್ಡಿನಲ್ಲಿ ಒಂದು ಜಾಗಕ್ಕೆ ಬಂದು ಟ್ರಾಫಿಕ್ಕನ್ನು ಕೈ ಬದಲಾಯಿಸುವುದೇ ಪಿಯರಿಂಗ್. ಉಡುಪಿಯಿಂದ ಸೀರೆ ಕೊಳ್ಳಲು ಬಂದವರ ಹತ್ತಿರ ಹೆಜಮಾಡಿಯಲ್ಲಿ ಟೋಲ್ ವಸೂಲಿ ಮಾಡಿದ ಮೇಲೆ ಹಂಪನಕಟ್ಟೆಯ ಜವಳಿ ಅಂಗಡಿಗೂ ಟೋಲ್ ಚೀಟಿ ಹರಿದುಕೊಟ್ಟರೆ ಈ ಊರಿನವರು ಸುಮ್ಮನಿರುವವರಲ್ಲ. ಸುರತ್ಕಲ್ ಟೋಲ್ 2022ರ ಡಿಸೆಂಬರಿನಲ್ಲಿ ಹೇಗೆ ಮುಚ್ಚಿತೆಂಬುದು ದೆಹಲಿಯವರೆಗೂ ಮುಟ್ಟಿರಬಹುದು.

ಹಾಗಾದರೆ ನಮಗೆ ಕಷ್ಟ ಇಲ್ಲವೇ? ಇದೆ. ಅದು ಇರುವುದು ಕೈ ಬದಲಾಯಿಸುವ ಜಾಗ ನಮ್ಮಿಂದ ನೂರಾರು ಕಿಲೋಮೀಟರ್ ದೂರ ಇರುವುದರಲ್ಲಿ, ಅಲ್ಲಿಗೆ ಹೋಗುವ ದಾರಿ ಕೆಲವೇ ಕಂಪನಿಗಳ ಕೈಯಲ್ಲಿರುವುದರಲ್ಲಿ.

ಟ್ರಾನ್ಸಿಟ್ ಬಿಲ್ ಹೇಗೆ ತಯಾರಾಗುತ್ತದೆ ಎಂಬುದನ್ನು ತಾವು ಹತ್ತಿರದಿಂದ ನೋಡಬೇಕು. ಲೈನ್ ಬಂದು ಸೇರುವ ಪೋರ್ಟಿನಲ್ಲಿ ಎಷ್ಟು ವೇಗದಲ್ಲಿ ಡೇಟಾ ಹರಿಯುತ್ತಿದೆ ಎಂದು ಐದು ನಿಮಿಷಕ್ಕೊಂದು ಅಳತೆ. ದಿನಕ್ಕೆ 288, ಮೂವತ್ತು ದಿನಕ್ಕೆ 8,640. ಇವನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿಟ್ಟು ಮೇಲಿನ ಶೇ. 5, ಅಂದರೆ 432 ಅಳತೆಗಳನ್ನು ಬಿಟ್ಟು, ಅದರ ಕೆಳಗೆ ಯಾವ ಅಂಕಿ ನಿಂತಿದೆಯೋ ಅದನ್ನೇ ಇಡೀ ತಿಂಗಳಿನ ಬಳಕೆ ಎಂದು ಹಿಡಿಯುತ್ತಾರೆ. 432 ಅಳತೆ ಎಂದರೆ ಸರಿಯಾಗಿ 36 ಗಂಟೆ. ತಿಂಗಳಿಗೆ 36 ಗಂಟೆಯ ನೂಕುನುಗ್ಗಲು ಮಾಫಿ, 37ನೇ ಗಂಟೆಯಿಂದ ತಿಂಗಳು ಪೂರ್ತಿ ಅದೇ ದರ. ಚುನಾವಣೆ ಫಲಿತಾಂಶದ ದಿನ ಇದರಲ್ಲಿ ದಾಟಿಹೋಗುತ್ತದೆ. ಐಪಿಎಲ್ ದಾಟುವುದಿಲ್ಲ. ಒಂದು ಪಂದ್ಯಕ್ಕೆ ಮೂರೂವರೆ-ನಾಲ್ಕು ಗಂಟೆ ಎಂದರೂ ಹತ್ತು ಸಂಜೆಗೆ ಮಾಫಿ ಮುಗಿಯಿತು. ಆಮೇಲೆ ಮಧ್ಯರಾತ್ರಿ ಖಾಲಿ ಬಿದ್ದಿರುವ ಪೋರ್ಟಿಗೂ ಕೊನೆ ಓವರಿನ ದರ.

ಇದಕ್ಕೆ ಮಳೆಗಾಲ ಸೇರಿಸಿ. ಶಿರಾಡಿಯಲ್ಲಿ ಗುಡ್ಡ ಜರಿದೋ, ರಸ್ತೆ ಅಗಲ ಮಾಡುವ ಜೆಸಿಬಿಗೆ ಸಿಕ್ಕಿಯೋ ಫೈಬರ್ ತುಂಡಾದರೆ ಟ್ರಾಫಿಕ್ ಅಷ್ಟೂ ಸ್ಟ್ಯಾಂಡ್‌ಬೈ ಲೈನಿನ ಮೇಲೆ ವಾಲುತ್ತದೆ. ಸ್ಪ್ಲೈಸಿಂಗ್‌ನವರು 36 ಗಂಟೆಯೊಳಗೆ ಜೋಡಿಸಿದರೆ ಬಚಾವ್. ಮಣ್ಣು ತೆಗೆಯಲು ಮಳೆ ಬಿಡದೆ ಎರಡು ದಿನ ಕಳೆಯಿತೋ, ಆ ತಿಂಗಳು ಸ್ಟ್ಯಾಂಡ್‌ಬೈ ಲೈನಿಗೂ ಪೂರ್ತಿ ಬಿಲ್. ತುಂಡಾದ ಲೈನಿನ ಕನಿಷ್ಠ ಮೊತ್ತ ಹೇಗೂ ಕಟ್ಟಲೇಬೇಕು. ಇನ್ನೂ ಒಂದು ಸಂಗತಿ ಇದೆ. ಎರಡು ಬೇರೆ ಬೇರೆ ಕಂಪನಿಗಳಿಂದ ಎರಡು ಲೈನ್ ಕೊಂಡರೂ ಕೆಲವೊಮ್ಮೆ ಎರಡೂ ನೆಲದಡಿಯ ಒಂದೇ ಡಕ್ಟಿನಲ್ಲಿ (ಕೊಳವೆಯಲ್ಲಿ) ಮಲಗಿರುತ್ತವೆ, ಯಾಕೆಂದರೆ ಒಬ್ಬರು ಇನ್ನೊಬ್ಬರ ಫೈಬರನ್ನೇ ಬಾಡಿಗೆ ಪಡೆದಿರುತ್ತಾರೆ. ಮಾರುವಾಗ ‘ರಿಂಗ್ ಇದೆ ಸಾರ್’, ಅಂದರೆ ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಬರುತ್ತದೆ, ಎನ್ನುತ್ತಾರೆ. ಗುಂಡ್ಯದ ಹತ್ತಿರ ಒಂದೇ ಏಟಿಗೆ ಎರಡೂ ಹೋದಾಗಲೇ ಗ್ರಾಹಕರಿಗೆ ತಿಳಿಯುವುದು. ಚಾರ್ಮಾಡಿ ಅಥವಾ ಆಗುಂಬೆ ಕಡೆಯಿಂದ ನಿಜವಾಗಿ ಬೇರೆ ದಾರಿ ಬೇಕೆಂದರೆ ರೂಟ್ ಮ್ಯಾಪ್ ಕೇಳಬೇಕು, ಆ ಮ್ಯಾಪ್ ಸಣ್ಣವರಿಗೆ ಸಿಗುವುದು ಅಪರೂಪ.

ಇಷ್ಟೆಲ್ಲ ಖರ್ಚು ಮಾಡಿ ಘಟ್ಟ ಹತ್ತಿಸುವ ಟ್ರಾಫಿಕ್ಕಿನಲ್ಲಿ ಒಂದಷ್ಟು ಘಟ್ಟ ಹತ್ತಲೇಬೇಕಾಗಿರಲಿಲ್ಲ. ಬಿಜೈಯಲ್ಲಿ ರಸ್ತೆಯ ಆಚೆ ಒಂದು ಕಂಪನಿಯ ಲೈನ್, ಈಚೆ ಇನ್ನೊಂದು ಕಂಪನಿಯ ಲೈನ್ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಟ್ರೇಸ್‌ರೂಟ್ (ಡೇಟಾ ಯಾವ ಯಾವ ರೂಟರ್ ದಾಟಿ ಹೋಗುತ್ತದೆಂದು ಸಾಲು ಸಾಲಾಗಿ ತೋರಿಸುವ ಕಮಾಂಡ್) ಹಾಕಿ ನೋಡಿ. ಮೊದಲ ಎರಡು-ಮೂರು ಸಾಲು ಮಂಗಳೂರು. ಆಮೇಲಿನ ರೂಟರ್ ಹೆಸರುಗಳಲ್ಲಿ ಬಿಎಲ್‌ಆರ್ ಕಾಣುತ್ತದೆ, ಅದರ ಬೆನ್ನಿಗೆ ಎಂಎಎ, ಮತ್ತೆ ಬಿಎಲ್‌ಆರ್, ಕೊನೆಗೆ ರಸ್ತೆಯ ಆಚೆಯ ಕಟ್ಟಡ. ಪ್ಯಾಕೆಟ್ (ಡೇಟಾದ ತುಣುಕು) ಬೆಂಗಳೂರಿಗೆ ಹೋಗಿ, ಚೆನ್ನೈ ಮುಟ್ಟಿ, ಅದೇ ಘಟ್ಟ ಇಳಿದು ಬಂದಿದೆ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ., ಅಲ್ಲಿಂದ ಚೆನ್ನೈಗೆ ಮತ್ತೆ ಅಷ್ಟೇ. ಹೋಗಿ ಬಂದರೆ 1,400. ಉತ್ತರವೂ ಅದೇ ದಾರಿ ಹಿಡಿದರೆ 2,800. ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುವುದರಿಂದ ಬರೀ ಓಡಾಟಕ್ಕೇ 14 ಮಿಲಿಸೆಕೆಂಡ್. ಎರಡು ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸ ಅದು. ನಡುವೆ ಸಿಂಗಾಪುರದ ರೂಟರ್ ಕಾಣಿಸಿಕೊಂಡ ದಿನ 50 ದಾಟುತ್ತದೆ. ಕಂಕನಾಡಿಯ ಸ್ಕ್ಯಾನಿಂಗ್ ಸೆಂಟರಿನಿಂದ ಮಣಿಪಾಲದ ವೈದ್ಯರಿಗೆ ಹೋಗುವ ಸಿಟಿ ಸ್ಕ್ಯಾನ್ ಫೈಲು ನೂರಾರು ಎಂಬಿ ಇರುತ್ತದೆ. ಎರಡೂ ಕಡೆ ಬೇರೆ ಬೇರೆ ಕಂಪನಿಯ ಲೈನ್ ಇದ್ದರೆ ಅದಕ್ಕೂ ಇದೇ ಯಾತ್ರೆ, ಶಿರಾಡಿಯಲ್ಲಿ ಫೈಬರ್ ಹೋದ ದಿನ ಅದಕ್ಕೂ ತಡೆ.

ಈಗ ‘ಕಳಿಸಿದವರು ಕೊಡಲಿ’ ಎಂಬ ವಾದಕ್ಕೆ ಬರೋಣ. ಇದು ದೂರವಾಣಿ ಕರೆಯ ಕಾಲದ್ದು. ಅಲ್ಲಿ ಕರೆ ಮಾಡಿದವನ ಕಂಪನಿ ಕರೆ ಸ್ವೀಕರಿಸಿದವನ ಕಂಪನಿಗೆ ನಿಮಿಷಕ್ಕಿಷ್ಟು ಎಂದು ಕೊಡುತ್ತಿತ್ತು. ಆ ಪದ್ಧತಿಯನ್ನು ಒಂದೊಂದೇ ಮೆಟ್ಟಿಲು ಇಳಿಸಿ ತೆಗೆದುಹಾಕಿದ್ದು ತಮ್ಮ ಪ್ರಾಧಿಕಾರವೇ. 2017ರ ಅಕ್ಟೋಬರ್ 1ರಂದು 14 ಪೈಸೆಯಿಂದ 6 ಪೈಸೆಗೆ ಇಳಿಯಿತು, 2021ರ ಜನವರಿ 1ರಂದು ಸೊನ್ನೆಯಾಯಿತು. ಅಲ್ಲಿಂದ ಈಚೆಗೆ ಪ್ರತಿ ಕಂಪನಿಯೂ ತನ್ನ ಗ್ರಾಹಕರಿಂದಲೇ ಖರ್ಚು ಗಿಟ್ಟಿಸಿಕೊಳ್ಳುತ್ತಿದೆ, ಯಾವ ಆಕಾಶವೂ ಕಳಚಿ ಬೀಳಲಿಲ್ಲ. ಕರೆಯಲ್ಲಾದರೂ ಶುರು ಮಾಡಿದವನು, ದುಡ್ಡು ಕೊಡುವವನು ಒಬ್ಬನೇ ಆಗಿದ್ದ. ಡೇಟಾದಲ್ಲಿ ಶುರು ಮಾಡುವುದು ತರಿಸಿಕೊಳ್ಳುವವನು, ದುಡ್ಡು ಕೇಳುತ್ತಿರುವುದು ಕಳಿಸಿದವನನ್ನು. ಕರೆಗೇ ಬೇಡವೆನಿಸಿದ್ದು ಡೇಟಾಗೆ ಹೇಗೆ ಸರಿಯಾಗುತ್ತದೆ?

ಅದರ ಹಿಂದೆ ಇನ್ನೊಂದು ತೊಡಕು ಇದೆ. ಒಂದು ಕಂಪನಿಯ ಗ್ರಾಹಕನನ್ನು ತಲುಪಲು ಆ ಕಂಪನಿಯ ಬಾಗಿಲು ಬಿಟ್ಟರೆ ಬೇರೆ ದಾರಿ ಇಲ್ಲ. ಕೋಟಿಗಟ್ಟಲೆ ಗ್ರಾಹಕರಿರುವವರು ಆ ಬಾಗಿಲಲ್ಲಿ ಕೂತು ಕೇಳಿದಷ್ಟು ವಸೂಲಿ ಮಾಡಬಲ್ಲರು. ಐದು ಸಾವಿರ ಮನೆಗಳ ಜಾಲ ಇರುವವರು ಅದೇ ಬಾಗಿಲಲ್ಲಿ ಕೂತರೆ ದೊಡ್ಡ ವಿಡಿಯೋ ಕಂಪನಿ ತಿರುಗಿಯೂ ನೋಡುವುದಿಲ್ಲ. ನಮ್ಮ ಕಿಸೆಗೆ ಏನೂ ಬೀಳುವುದಿಲ್ಲ ಎಂದದ್ದು ಇದಕ್ಕೇ. ಹೋಗುವುದು ಮಾತ್ರ ಖಂಡಿತ: ನಮ್ಮ ಜಾಲದಲ್ಲಿರುವ ಗ್ರಾಹಕರು ಏನಾದರೂ ಕಳಿಸಿದರೆ, ಅದು ಯಕ್ಷಗಾನದ ಲೈವ್ ಆಗಿರಲಿ, ಮಲ್ಪೆ ದಕ್ಕೆಯ ಸಿಸಿಟಿವಿ ಆಗಿರಲಿ, ದೊಡ್ಡ ಜಾಲಕ್ಕೆ ಕಾಲಿಡುವಾಗ ನಾವೇ ‘ಕಳಿಸಿದವರು’ ಆಗುತ್ತೇವೆ. ಕಾಯ್ದೆಯಲ್ಲಿ ‘ದೊಡ್ಡ ಕಂಪನಿಗಳಿಗೆ ಮಾತ್ರ’ ಎಂದು ಬರೆದರೂ ಆ ರೇಖೆ ಎಲ್ಲಿ ಎಳೆಯಬೇಕೆಂಬ ಜಗಳ ವರ್ಷಗಟ್ಟಲೆ ನಡೆಯುತ್ತದೆ.

ದಕ್ಷಿಣ ಕೊರಿಯಾದಲ್ಲಿ ಇದನ್ನು ಮಾಡಿ ನೋಡಿದ್ದಾರೆ. 2016ರಿಂದ ಅಲ್ಲಿ ಇಂಟರ್‌ನೆಟ್ ಕಂಪನಿಗಳ ನಡುವೆ ಕಳಿಸಿದ ಜಾಲ ದುಡ್ಡು ಕೊಡಬೇಕೆಂಬ ನಿಯಮ ಬಂತು. ಫೇಸ್‌ಬುಕ್ಕಿನ ಕ್ಯಾಶ್ ಸರ್ವರ್ (ಹೆಚ್ಚು ಬೇಡಿಕೆಯ ವಿಡಿಯೋಗಳ ಪ್ರತಿಯನ್ನು ಬಳಕೆದಾರರ ಹತ್ತಿರವೇ ಇಟ್ಟುಕೊಳ್ಳುವ ಪೆಟ್ಟಿಗೆ) ಇದ್ದದ್ದು ಕೆಟಿ ಎಂಬ ಕಂಪನಿಯ ಜಾಲದಲ್ಲಿ. ಅಲ್ಲಿಂದ ಪಕ್ಕದ ಕಂಪನಿಗಳ ಗ್ರಾಹಕರಿಗೆ ಹೋದ ಪ್ರತಿ ವಿಡಿಯೋಗೂ ಕೆಟಿಯೇ ದುಡ್ಡು ಕೊಡಬೇಕಾಯಿತು, ಅಂದರೆ ಸರ್ವರನ್ನು ಊರೊಳಗೆ ಇಟ್ಟುಕೊಂಡವನಿಗೇ ದಂಡ. ಖರ್ಚಿನ ಜಗಳ ಬೆಳೆದು ಫೇಸ್‌ಬುಕ್ ಆ ಟ್ರಾಫಿಕ್ಕನ್ನು ಹೊರದೇಶಕ್ಕೆ ತಿರುಗಿಸಿತು, ಅಲ್ಲಿಯ ಜನರಿಗೆ ಪುಟ ತೆರೆಯುವುದೇ ನಿಧಾನವಾಯಿತು. ನಿಯಂತ್ರಕರು 2018ರಲ್ಲಿ ಫೇಸ್‌ಬುಕ್ಕಿಗೆ ದಂಡ ಹಾಕಿದರು, ಕೋರ್ಟಿನಲ್ಲಿ ಆ ದಂಡ ನಿಲ್ಲಲಿಲ್ಲ. ನೆಟ್‌ಫ್ಲಿಕ್ಸ್ ಮತ್ತು ಎಸ್‌ಕೆ ಬ್ರಾಡ್‌ಬ್ಯಾಂಡ್ ನಡುವಿನ ಜಾಲ ಶುಲ್ಕದ ವ್ಯಾಜ್ಯ 2023ರ ಸೆಪ್ಟೆಂಬರಿನವರೆಗೆ ಎಳೆದು ರಾಜಿಯಲ್ಲಿ ಮುಗಿಯಿತು. ಲೈವ್ ವಿಡಿಯೋ ತಾಣ ಟ್ವಿಚ್ ಮೊದಲು ಅಲ್ಲಿ ವಿಡಿಯೋ ಗುಣಮಟ್ಟವನ್ನು 720ಕ್ಕೆ ಇಳಿಸಿತು, ಕೊನೆಗೆ 2024ರ ಫೆಬ್ರವರಿಯಲ್ಲಿ ಅಂಗಡಿಯನ್ನೇ ಮುಚ್ಚಿತು. ಬೇರೆ ಬಹುಪಾಲು ದೇಶಗಳಿಗಿಂತ ಅಲ್ಲಿ ಜಾಲದ ಶುಲ್ಕ ಹತ್ತು ಪಟ್ಟು ಎಂಬುದು ಅದು ಕೊಟ್ಟ ಕಾರಣ. ಅದೇ ನಿಯಮ ಇಲ್ಲಿಗೆ ಬಂದರೆ ಮಂಗಳೂರಿನಲ್ಲಿ ಕ್ಯಾಶ್ ಸರ್ವರ್ ಇಟ್ಟುಕೊಳ್ಳುವ ಧೈರ್ಯ ಯಾರು ಮಾಡುತ್ತಾರೆ?

ಇನ್ನೊಂದು ತಪ್ಪು ನಮ್ಮ ದೇಶದಲ್ಲೇ ಆಗಿದೆ, ಅದು ಎದುರು ದಿಕ್ಕಿನದು. ದೇಶದೊಳಗಿನ ಜಾಲಗಳು ಟ್ರಾಫಿಕ್ ವಿನಿಮಯ ಮಾಡಿಕೊಳ್ಳಲೆಂದು 2003ರಲ್ಲಿ ಶುರುವಾದ ನಿಕ್ಸಿಯಲ್ಲಿ ಹಲವು ವರ್ಷ ‘ತರಿಸಿಕೊಂಡವರು ಕೊಡಬೇಕು’ ಎಂಬ ಲೆಕ್ಕ ನಡೆಯಿತು. ಒಳಗೆ ಬಂದದ್ದರಿಂದ ಹೊರಗೆ ಹೋದದ್ದನ್ನು ಕಳೆದು, ಉಳಿದ ಜಿಬಿಗಳಿಗೆ ದರ. ಮನೆ ಗ್ರಾಹಕರೇ ಇರುವ ಸಣ್ಣವರಿಗೆ ಅದು ಪ್ರತಿ ತಿಂಗಳೂ ಕೊಡುವ ಬಾಬತ್ತು, ಹಾಗಾಗಿ ಅಲ್ಲಿಗೆ ಬರಲು ಹಿಂಜರಿದರು. ಮೀಟರನ್ನು ಯಾರ ಕಡೆಗೆ ತಿರುಗಿಸಿ ಇಟ್ಟರೂ ಟ್ರಾಫಿಕ್ ಆ ಜಾಗ ಬಿಟ್ಟು ಓಡುತ್ತದೆ. ಪ್ಯಾಕೆಟ್ ಕ್ಲಿಯರಿಂಗ್ ಹೌಸ್ ಎಂಬ ಸಂಸ್ಥೆ 2016ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಪಿಯರಿಂಗ್ ಸಂಬಂಧಗಳನ್ನು ಪರಿಶೀಲಿಸಿದಾಗ ಶೇ. 99.93ರಷ್ಟಕ್ಕೆ ಬರೆದ ಕರಾರೇ ಇರಲಿಲ್ಲ. ಪೋರ್ಟಿನ ಬಾಡಿಗೆ ಕೊಟ್ಟು, ರೂಟ್ ವಿವರವನ್ನು ಪರಸ್ಪರ ಕೊಟ್ಟುಕೊಂಡು, ಜಿಬಿ ಎಣಿಸದೆ ನಡೆಯುತ್ತಿರುವ ವ್ಯವಹಾರ ಇದು.

ಮೊಬೈಲ್ ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲ ಎಂದು ನಾವು ಹೇಳುವುದಿಲ್ಲ. ಟವರ್, ಸ್ಪೆಕ್ಟ್ರಮ್, ಫೈಬರ್ ಯಾವುದೂ ಅಗ್ಗವಲ್ಲ, ರಾತ್ರಿ ಒಂಬತ್ತರ ಟ್ರಾಫಿಕ್ಕಿಗೆ ತಕ್ಕಂತೆ ಜಾಲ ಕಟ್ಟಬೇಕು ಎಂಬುದೂ ನಿಜ. ಆದರೆ ಆ ಖರ್ಚು ಗ್ರಾಹಕರ ಪ್ಲಾನಿನ ದರದಲ್ಲಿ ಸೇರಬೇಕಾದದ್ದು. 2024ರ ಜುಲೈಯಲ್ಲಿ ದೊಡ್ಡ ಕಂಪನಿಗಳೆಲ್ಲ ಒಟ್ಟೊಟ್ಟಿಗೆ ದರ ಏರಿಸಿದ್ದನ್ನು ಎಲ್ಲರೂ ಕಂಡಿದ್ದೇವೆ. ಜೊತೆಗೆ ವಿಡಿಯೋ ಕಂಪನಿಗಳು ಉಚಿತವಾಗಿ ಕೊಡುವ ಕ್ಯಾಶ್ ಸರ್ವರಿನ ಲಾಭ ದೊಡ್ಡವರಿಗೇ ಹೆಚ್ಚು. ರ‍್ಯಾಕಿನಲ್ಲಿ ಒಂದಿಷ್ಟು ಜಾಗ, ಕರೆಂಟು ಕೊಟ್ಟರೆ ಸಾಕು. ಹೊಸ ಸಿನಿಮಾಗಳು ಟ್ರಾಫಿಕ್ ಕಡಿಮೆ ಇರುವ ಹೊತ್ತಿನಲ್ಲಿ ಒಮ್ಮೆ ಬಂದು ಕೂರುತ್ತವೆ, ಸಂಜೆ ಸಾವಿರಾರು ಮನೆಗಳಿಗೆ ಅಲ್ಲಿಂದಲೇ ಹಂಚಿಕೆ. ಆದರೆ ಆ ಪೆಟ್ಟಿಗೆ ಸಿಗಬೇಕಾದರೆ ಸಂಜೆಯ ಟ್ರಾಫಿಕ್ ಇಷ್ಟು ಗಿಗಾಬಿಟ್ ಇರಲೇಬೇಕೆಂಬ ಷರತ್ತು ಇರುತ್ತದೆ. ಮಂಗಳೂರು, ಉಡುಪಿ, ಪುತ್ತೂರು, ಕಾರ್ಕಳದ ಸಣ್ಣವರು ಒಬ್ಬೊಬ್ಬರೇ ಹೋದರೆ ಆ ಗೆರೆ ಮುಟ್ಟುವುದು ಕಷ್ಟ. ಒಟ್ಟಾದರೆ ಮುಟ್ಟಬಹುದು.

ಒಟ್ಟಾಗುವ ಜಾಗವೇ ಎಕ್ಸ್‌ಚೇಂಜ್. ಸ್ವಿಚ್ ಇಟ್ಟು ಬೋರ್ಡು ಹಾಕಿದ ಮಾತ್ರಕ್ಕೆ ಅದು ಎಕ್ಸ್‌ಚೇಂಜ್ ಆಗುವುದಿಲ್ಲ. ಸಲಕರಣೆ ಹೆಚ್ಚೇನೂ ಬೇಡ: 10 ಗಿಗಾಬಿಟ್ ಪೋರ್ಟುಗಳ ಸ್ವಿಚ್ ಎರಡು, ರೂಟ್ ಸರ್ವರ್ ಎರಡು, ಸೇರುವವರು ತಲಾ ಒಂದು ಸಿಂಗಲ್ ಮೋಡ್ ಮಾಡ್ಯೂಲ್ ಮತ್ತು ಪ್ಯಾಚ್ ಕಾರ್ಡ್ ತರಬೇಕು. ಕೆಡುವುದು ಬೇರೆ ಕಡೆ. ದೊಡ್ಡ ಕಂಪನಿ ಪೋರ್ಟ್ ತೆಗೆದುಕೊಳ್ಳುತ್ತದೆ, ಆದರೆ ‘ಇವು ನನ್ನಲ್ಲಿವೆ, ಇಲ್ಲಿಗೆ ಕಳಿಸಿ’ ಎಂದು ಬೆರಳೆಣಿಕೆಯ ಪ್ರಿಫಿಕ್ಸ್ (ಇಂಟರ್‌ನೆಟ್ ವಿಳಾಸಗಳ ಗುಂಪು) ಮಾತ್ರ ಘೋಷಿಸುತ್ತದೆ. ಗ್ರಾಹಕರಿರುವ ಪ್ರಿಫಿಕ್ಸ್‌ಗಳು ಅದರಲ್ಲಿ ಇರುವುದೇ ಇಲ್ಲ. ಅಥವಾ ಎಕ್ಸ್‌ಚೇಂಜಿನಲ್ಲಿ ಸ್ಲ್ಯಾಶ್ 22 ಎಂಬ ದೊಡ್ಡ ಗುಂಪನ್ನು ಘೋಷಿಸಿ, ಅದೇ ವಿಳಾಸಗಳನ್ನು ಸ್ಲ್ಯಾಶ್ 24 ಎಂಬ ನಾಲ್ಕು ಚಿಕ್ಕ ಗುಂಪು ಮಾಡಿ ಟ್ರಾನ್ಸಿಟ್ ಕಡೆಗೆ ಬಿಡುತ್ತಾರೆ. ರೂಟರ್ ಯಾವಾಗಲೂ ಹೆಚ್ಚು ಕರಾರುವಾಕ್ಕಾದ ವಿಳಾಸವನ್ನೇ ಹಿಡಿಯುವುದರಿಂದ, ಎಕ್ಸ್‌ಚೇಂಜಿನ ದಾರಿಗೆ ಆದ್ಯತೆ ಕೊಡುವ ಲೋಕಲ್ ಪ್ರಿಫರೆನ್ಸ್ ಎಷ್ಟು ಏರಿಸಿಟ್ಟರೂ ಟ್ರಾಫಿಕ್ ಎಕ್ಸ್‌ಚೇಂಜ್ ಬಿಟ್ಟು ಬೆಂಗಳೂರಿಗೇ ಓಡುತ್ತದೆ. ಗ್ರಾಫಿನಲ್ಲಿ ಪೋರ್ಟ್ ಖಾಲಿ ಕಾಣುತ್ತದೆ, ‘ನೋಡಿ, ಕರಾವಳಿಯಲ್ಲಿ ಬೇಡಿಕೆಯೇ ಇಲ್ಲ’ ಎಂಬ ಷರಾ ಬೀಳುತ್ತದೆ. ಮೂರನೆಯದು ಕ್ರಾಸ್ ಕನೆಕ್ಟ್. ಒಂದೇ ಕಟ್ಟಡದಲ್ಲಿ ಈ ರ‍್ಯಾಕಿನಿಂದ ಆ ರ‍್ಯಾಕಿಗೆ ಹೋಗುವ ಇಪ್ಪತ್ತು ಮೀಟರ್ ಪ್ಯಾಚ್ ಕಾರ್ಡಿಗೆ ತಿಂಗಳು ತಿಂಗಳು ಬಾಡಿಗೆ ಕೇಳುವವರಿದ್ದಾರೆ. ಕಾರ್ಡು ಒಮ್ಮೆ ಹಾಕಿದರೆ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ಮನವಿ ಹೀಗಿದೆ.

ಕರೆಗಳಿಗೆ ಮಾಡಿದಂತೆ ಡೇಟಾ ವಿನಿಮಯಕ್ಕೂ ಜಿಬಿ ಲೆಕ್ಕದ ಶುಲ್ಕ ಯಾವ ದಿಕ್ಕಿನಲ್ಲೂ ಇರಕೂಡದು, ಪ್ರತಿಯೊಬ್ಬರೂ ವಿನಿಮಯದ ಜಾಗದವರೆಗಿನ ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು ಎಂದು ಪ್ರಾಧಿಕಾರ ಲಿಖಿತವಾಗಿ ಸಾರಬೇಕು. ಎಲ್ಲ ಟ್ರಾಫಿಕ್ಕನ್ನೂ ಸಮಾನವಾಗಿ ಕಾಣಬೇಕೆಂಬ ನೆಟ್ ನ್ಯೂಟ್ರಾಲಿಟಿಯ ವಿಷಯದಲ್ಲಿ 2016 ಮತ್ತು 2017ರಲ್ಲಿ ತಾವು ತೆಗೆದುಕೊಂಡ ಗಟ್ಟಿ ನಿಲುವಿನ ಮುಂದಿನ ಹೆಜ್ಜೆ ಇದೇ ಎಂದು ನಾವು ತಿಳಿದಿದ್ದೇವೆ.

ಡೇಟಾ ಸೆಂಟರ್, ಸಿಡಿಎನ್ (ಕ್ಯಾಶ್ ಸರ್ವರುಗಳ ಜಾಲ), ಇಂಟರ್‌ಕನೆಕ್ಟ್ ಎಕ್ಸ್‌ಚೇಂಜ್‌ಗಳ ಬಗ್ಗೆ ತಾವು 2022ರ ನವೆಂಬರಿನಲ್ಲಿ ಶಿಫಾರಸು ಮಾಡಿದ್ದೀರಿ. ಅದನ್ನು ಎರಡನೇ ಹಂತದ ನಗರಗಳಿಗೆ ಇಳಿಸುವಾಗ ಒಂದು ಷರತ್ತು ಸೇರಿಸಿ: ದಕ್ಷಿಣ ಕನ್ನಡ, ಉಡುಪಿಯಲ್ಲಿ ನಿಗದಿತ ಸಂಖ್ಯೆಗಿಂತ ಹೆಚ್ಚು ಗ್ರಾಹಕರಿರುವ ಯಾವುದೇ ಕಂಪನಿ ಮಂಗಳೂರಿನ ಎಕ್ಸ್‌ಚೇಂಜಿನಲ್ಲಿ ಇರಬೇಕು, ಇಲ್ಲಿನ ಗ್ರಾಹಕರ ಎಲ್ಲ ಪ್ರಿಫಿಕ್ಸ್‌ಗಳನ್ನೂ ಅಲ್ಲಿ ಘೋಷಿಸಬೇಕು, ಟ್ರಾನ್ಸಿಟ್ ಕಡೆ ಘೋಷಿಸಿದಷ್ಟೇ ಕರಾರುವಾಕ್ಕಾಗಿ ಘೋಷಿಸಬೇಕು. ಘೋಷಿಸಿದ ಪಟ್ಟಿ ಯಾರು ಬೇಕಾದರೂ ನೋಡುವಂತೆ ಲುಕಿಂಗ್ ಗ್ಲಾಸ್ ಎಂಬ ವೆಬ್ ಪುಟದಲ್ಲಿ ತೆರೆದಿರಬೇಕು. ಗುಟ್ಟು ಮಾಡಲು ಅದರಲ್ಲಿ ಏನೂ ಇಲ್ಲ, ಜಾಲದ ಉಳಿದ ಭಾಗಕ್ಕೆ ಹೇಗೂ ಕಾಣುತ್ತಿರುತ್ತದೆ.

ಎಕ್ಸ್‌ಚೇಂಜಿನಲ್ಲಿ ಎಲ್ಲರೂ ಹಂಚಿಕೊಳ್ಳುವ ಕ್ಯಾಶ್ ಸರ್ವರ್ ಇಡಲು ವಿಡಿಯೋ ಕಂಪನಿಗಳ ಜೊತೆ ತಾವೇ ಮಾತಾಡಬೇಕು. ಅವರು ಜಾಲಕ್ಕೆ ಏನಾದರೂ ಕೊಡಲೇಬೇಕೆಂದು ಸರ್ಕಾರಕ್ಕೆ ಅನಿಸಿದರೆ ಕೊಡಬೇಕಾದದ್ದು ಇದು. ಅರ್ಹತೆಯನ್ನು ಒಬ್ಬೊಬ್ಬ ಸೇವಾದಾರನ ಟ್ರಾಫಿಕ್ ನೋಡಿ ಅಳೆಯದೆ ಅಲ್ಲಿ ಸೇರಿದವರೆಲ್ಲರ ಒಟ್ಟು ಟ್ರಾಫಿಕ್ ಮೇಲೆ ಅಳೆಯಲಿ. ಅದಕ್ಕೆ ತಗಲುವ ಕರೆಂಟು, ಜಾಗದ ಬಾಡಿಗೆಯನ್ನು ಪೋರ್ಟಿನ ಗಾತ್ರಕ್ಕೆ ತಕ್ಕಂತೆ ಹಂಚಿಕೊಳ್ಳಲು ನಾವು ತಯಾರಿದ್ದೇವೆ.

ಕ್ರಾಸ್ ಕನೆಕ್ಟಿಗೆ ಒಂದು ಸಲದ ಶುಲ್ಕ ಮಾತ್ರ ಇರಲಿ, ಇಲ್ಲವೇ ತಿಂಗಳ ಬಾಡಿಗೆಗೆ ಮಿತಿ ಹಾಕಿ ದರಪಟ್ಟಿಯನ್ನು ಪ್ರಕಟಿಸುವಂತಾಗಲಿ. ಲೈನ್ ಮಾರುವ ಕಂಪನಿ ‘ಬೇರೆ ದಾರಿ’ ಎಂದು ಬಿಲ್ಲಿನಲ್ಲಿ ಬರೆದರೆ ಅದರ ರೂಟ್ ಮ್ಯಾಪನ್ನು ಕೊಂಡವರಿಗೆ ಕೊಡುವುದು ಕಡ್ಡಾಯವಾಗಲಿ. ಮೂರನೆಯವರ ಡಕ್ಟಿನಲ್ಲಿ ಎಷ್ಟು ಕಿಲೋಮೀಟರ್ ಹೋಗುತ್ತದೆ, ಯಾವ ಘಾಟಿಯಲ್ಲಿ ಹೋಗುತ್ತದೆ ಎಂಬುದು ಅದರಲ್ಲಿ ಇರಲಿ. ಘಟ್ಟದ ಫೈಬರ್ ಗುಡ್ಡ ಕುಸಿತದಿಂದ ತುಂಡಾದ ಅವಧಿಯ ಅಳತೆಗಳನ್ನು ಸ್ಟ್ಯಾಂಡ್‌ಬೈ ಲೈನಿನ ಬಿಲ್ಲಿನಿಂದ ಹೊರಗಿಡಬೇಕೆಂಬ ಒಂದು ಸಾಲು ಮಾದರಿ ಕರಾರಿನಲ್ಲಿ ಬಂದರೆ, ಮಳೆಗಾಲದಲ್ಲಿ ಸಣ್ಣವರ ಅರ್ಧ ಚಿಂತೆ ಕಳೆಯುತ್ತದೆ.

ಈ ಪತ್ರದಲ್ಲಿ ಹೇಳಿದ ಟ್ರೇಸ್‌ರೂಟ್‌ಗಳನ್ನು ಯಾರು ಬೇಕಾದರೂ ಹಾಕಿ ನೋಡಬಹುದು. ತಮ್ಮ ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಅಧಿಕಾರಿಗಳು ಮಂಗಳೂರಿಗೆ ಬಂದರೆ ಎರಡು ಕಂಪನಿಗಳ ಲೈನ್ ಇರುವ ಜಾಗ, ಪೋರ್ಟಿನ ಐದು ನಿಮಿಷದ ಅಳತೆಗಳು, ಹೆಸರು ಮರೆಮಾಡಿದ ಬಿಲ್ಲುಗಳು ಎಲ್ಲವನ್ನೂ ತೋರಿಸುತ್ತೇವೆ. ಬರುವುದಾದರೆ ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ಬನ್ನಿ, ಹಗಲಿನಲ್ಲಿ ಎಲ್ಲ ಲೈನೂ ಚೆನ್ನಾಗಿಯೇ ಕಾಣುತ್ತದೆ. ಜೂನ್‌ನಿಂದ ಆಗಸ್ಟ್ ನಡುವೆ ಬಂದರೆ ಇನ್ನೂ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿಗಳು,
ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೆಲವು ಸಣ್ಣ ಇಂಟರ್‌ನೆಟ್ ಸೇವಾದಾರರ ತಾಂತ್ರಿಕ ಸಿಬ್ಬಂದಿ
ಮಂಗಳೂರು